‘ಹಾಪ’ ಎಂಬ ಹವಾಯಿ ಪದ: ಅರ್ಧವೋ, ಪಾಲೋ?

ತಂದೆಯದು ಒಂದು ಜನಾಂಗ, ತಾಯಿಯದು ಇನ್ನೊಂದು. ಹುಟ್ಟಿದ ಮಗುವನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಗೆ ಪ್ರಪಂಚದ ಅನೇಕ ಭಾಷೆಗಳು ಕೊಟ್ಟಿರುವ ಉತ್ತರಗಳು ಮರ್ಯಾದೆಯವಲ್ಲ. ಬ್ರಿಟಿಷರು ತಮ್ಮ ವಸಾಹತುಗಳಲ್ಲೆಲ್ಲ ‘ಹಾಫ್‌ಕಾಸ್ಟ್’ ಎಂಬ ಮಾತನ್ನು ಹರಡಿದರು. ನಮ್ಮ ‘ಬೆರಕೆ’ ಎಂಬ ಪದವಾದರೂ ಸೊಪ್ಪಿನ ಸಾರಿಗೆ ಸಲ್ಲುತ್ತದೆಯೇ ಹೊರತು, ಮನುಷ್ಯರಿಗೆ ಅನ್ವಯಿಸಿದ ಕೂಡಲೇ ಬೈಗುಳವಾಗುತ್ತದೆ. ಇಂಥ ಪದಗಳ ನಡುವೆ ಪೆಸಿಫಿಕ್ ಸಾಗರದ ನಡುಗಡ್ಡೆಗಳಲ್ಲಿ ಹುಟ್ಟಿದ ಎರಡಕ್ಷರದ ಪದವೊಂದು ವಿಶಿಷ್ಟವಾಗಿ ನಿಲ್ಲುತ್ತದೆ. ಅದು ‘ಹಾಪ’.

ಇಂದು ಅಮೆರಿಕದಲ್ಲಿ ಲಕ್ಷಾಂತರ ಜನರು ಬಲ್ಲ ಈ ಪದವನ್ನು ಹಲವರು ಹೆಮ್ಮೆಯಿಂದ ತಮಗೆ ತಾವೇ ಇಟ್ಟುಕೊಂಡಿದ್ದಾರೆ. ಅದೇ ವೇಳೆಗೆ, ಈ ಪದವನ್ನು ಜಗತ್ತಿಗೆ ಕೊಟ್ಟ ಹವಾಯಿಯ ಮೂಲನಿವಾಸಿಗಳಲ್ಲಿ ಕೆಲವರು ‘ಇದು ನಮ್ಮದು, ಹೀಗೆ ಬಳಸಬೇಡಿ’ ಎಂದು ಆಕ್ಷೇಪಿಸುತ್ತಲೂ ಇದ್ದಾರೆ. ಒಂದು ಪುಟ್ಟ ಪದಕ್ಕಾಗಿ ಇಷ್ಟೊಂದು ಚರ್ಚೆ ಏಕೆ ಎಂಬುದನ್ನು ಅರಿಯಬೇಕಾದರೆ ಅದರ ಹುಟ್ಟಿನಿಂದಲೇ ಆರಂಭಿಸಬೇಕು.

‘ಹಾಫ್’ ಹೋಗಿ ‘ಹಾಪ’ ಆದ ಬಗೆ

ನಮ್ಮ ಹಳ್ಳಿಗಳಲ್ಲಿ ಹಿರಿಯರು ಕಾಫಿಯನ್ನು ‘ಕಾಪಿ’ ಎನ್ನುತ್ತಾರೆ, ಆಫೀಸನ್ನು ‘ಆಪೀಸು’ ಎನ್ನುತ್ತಾರೆ. ಇಂಗ್ಲಿಷಿನ ಆ ಧ್ವನಿ ಮೂಲತಃ ಕನ್ನಡದ ನಾಲಿಗೆಯದಲ್ಲ. ಆದ್ದರಿಂದ ಅದಕ್ಕೆ ತೀರ ಹತ್ತಿರವಾದ ಪಕಾರ ಬಂದು ಕೂರುತ್ತದೆ. ಅಂತೆಯೇ ‘ಬಸ್’ ಎಂಬುದು ‘ಬಸ್ಸು’ ಆಗಿ, ‘ಬ್ಯಾಂಕ್’ ಎಂಬುದು ‘ಬ್ಯಾಂಕು’ ಆಗಿ, ಕೊನೆಗೊಂದು ಸ್ವರವನ್ನು ಅಂಟಿಸಿಕೊಂಡ ಬಳಿಕವೇ ಕನ್ನಡದ ಪದಗಳಾಗುತ್ತವೆ.

ಹವಾಯಿ ಭಾಷೆಯಲ್ಲಿ ನಡೆದದ್ದೂ ಇದೇ. ಐದು ಸ್ವರಗಳು, ಗಂಟಲಿನ ತಡೆಧ್ವನಿಯೂ ಸೇರಿ ಎಂಟು ವ್ಯಂಜನಗಳು. ಒಟ್ಟು ಹದಿಮೂರು ಅಕ್ಷರಗಳಲ್ಲಿ ಆ ಭಾಷೆಯ ವ್ಯವಹಾರವೆಲ್ಲ ಮುಗಿಯುತ್ತದೆ. ಅಲ್ಲಿ ಪ್ರತಿಯೊಂದು ಉಚ್ಚಾರಾಂಶವೂ ಸ್ವರದಲ್ಲೇ ಕೊನೆಗೊಳ್ಳಬೇಕು. ಸಕಾರವಾಗಲೀ ರಕಾರವಾಗಲೀ ಇಲ್ಲ. ಆದ್ದರಿಂದಲೇ ‘ಮೆರಿ ಕ್ರಿಸ್‌ಮಸ್’ ಎಂಬ ಹಾರೈಕೆ ಅಲ್ಲಿ ‘ಮೆಲೆ ಕಲಿಕಿಮಾಕ’ ಆಗಿದೆ. ಇಂಗ್ಲಿಷಿನ ‘ಹಾಫ್’ ಈ ದ್ವೀಪಗಳಿಗೆ ಬಂದಿಳಿದಾಗ, ಅದರ ಕೊನೆಯ ಧ್ವನಿ ಪಕಾರವಾಗಿ, ಹಿಂದೊಂದು ಅಕಾರ ಸೇರಿ ‘ಹಾಪ’ ಆಯಿತು ಎಂಬುದು ಭಾಷಾತಜ್ಞರ ವಿವರಣೆ.

ಆದರೆ ಗಡಿ ದಾಟಿದಾಗ ಬದಲಾದದ್ದು ಉಚ್ಚಾರಣೆಯೊಂದೇ ಅಲ್ಲ, ಅರ್ಥವೂ ಬದಲಾಯಿತು. ಇಂಗ್ಲಿಷಿನಲ್ಲಿ ಅದು ‘ಅರ್ಧ’. ಹವಾಯಿಯಲ್ಲಿ ಅದು ‘ಭಾಗ’, ‘ಅಂಶ’, ‘ಪಾಲು’ ಎಂದಾಯಿತು. ಅರ್ಧ ಎನ್ನಬೇಕಾದರೆ ಹವಾಯಿಯವರು ‘ಹಾಪಲುವ’ ಎನ್ನಬೇಕು. ‘ಲುವ’ ಎಂದರೆ ಎರಡು. ಮೂರರಲ್ಲೊಂದು ‘ಹಾಪಕೊಲು’, ಕಾಲುಭಾಗ ‘ಹಾಪಹಾ’. ಹವಾಯಿ ಸ್ವತಂತ್ರ ರಾಜ್ಯವಾಗಿದ್ದ ಕಾಲದಲ್ಲಿ, 1883ರಲ್ಲಿ, ದೊರೆ ಕಲಾಕೌವ ಹೊರಡಿಸಿದ ಬೆಳ್ಳಿ ನಾಣ್ಯಗಳ ಮೇಲೆ ಈ ಪದಗಳೇ ಅಚ್ಚಾಗಿವೆ. ನಮ್ಮ ಎಂಟಾಣೆ, ಪಾವಲಿಗಳಂತೆ ಅರ್ಧ ಡಾಲರಿಗೆ ‘ಹಾಪಲುವ’, ಕಾಲು ಡಾಲರಿಗೆ ‘ಹಾಪಹಾ’!

‘ಅರ್ಧ’ ಎಂಬ ಮಾತಿನಲ್ಲಿ ಏನೋ ಕೊರತೆಯ ಧ್ವನಿಯಿದೆ. ‘ಪಾಲು’ ಎಂಬ ಮಾತಿನಲ್ಲಿ ಹಕ್ಕಿನ ಧ್ವನಿಯಿದೆ. ಪಿತ್ರಾರ್ಜಿತ ಆಸ್ತಿಯ ವ್ಯಾಜ್ಯಗಳನ್ನು ಕಂಡಿರುವ ಕನ್ನಡಿಗರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ‘ಹಾಪ’ ಪದದ ಇಡೀ ಚರಿತ್ರೆ ಈ ಎರಡು ಅರ್ಥಗಳ ನಡುವಿನ ಎಳೆದಾಟವೆಂದರೆ ತಪ್ಪಾಗಲಾರದು.

ಅರಮನೆಯಲ್ಲೇ ಇದ್ದ ಹಾಪ

ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ ಹವಾಯಿ ದ್ವೀಪಗಳನ್ನು ತಲುಪಿದ್ದು 1778ರಲ್ಲಿ. ಅವನ ಹಿಂದೆಯೇ ವ್ಯಾಪಾರಿಗಳು, ತಿಮಿಂಗಿಲ ಬೇಟೆಗಾರರು, 1820ರಲ್ಲಿ ಅಮೆರಿಕದ ಕ್ರೈಸ್ತ ಮಿಷನರಿಗಳು ಬಂದರು. ಹೊರಗಿನವರನ್ನು ಹವಾಯಿಯ ಜನ ‘ಹೌಲೆ’ ಎಂದು ಕರೆದರು. ಕಾಲಾನಂತರ ಅದು ಬಿಳಿಯರಿಗೇ ಮೀಸಲಾದ ಹೆಸರಾಯಿತು. ಬಿಳಿಯರ ಮತ್ತು ಹವಾಯಿಯವರ ಸಂತಾನ ‘ಹಾಪ ಹೌಲೆ’ ಎನಿಸಿತು. ಅಂದರೆ ಒಂದು ಪಾಲು ಬಿಳಿಯ. ಮಿಕ್ಕಿದ್ದು ಹವಾಯಿ ಎಂಬುದನ್ನು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಹವಾಯಿತನವೇ ಬುನಾದಿ, ಅದರ ಮೇಲೆ ಸೇರಿದ ಪಾಲನ್ನಷ್ಟೇ ಪದ ಸೂಚಿಸುತ್ತಿತ್ತು.

ಇಂಥವರು ಸಮಾಜದ ಅಂಚಿನಲ್ಲಿ ಇರಲಿಲ್ಲ. 1790ರಲ್ಲಿ ಹವಾಯಿಯಲ್ಲೇ ಉಳಿದುಹೋದ ಜಾನ್ ಯಂಗ್ ಎಂಬ ಇಂಗ್ಲಿಷ್ ನಾವಿಕ, ದ್ವೀಪಗಳನ್ನು ಒಗ್ಗೂಡಿಸಿದ ಮಹಾರಾಜ ಕಮೆಹಮೆಹನ ಆಪ್ತ ಸಲಹೆಗಾರನಾದ. ಅವನ ಮೊಮ್ಮಗಳೇ ನಾಲ್ಕನೆಯ ಕಮೆಹಮೆಹನ ಪಟ್ಟದರಸಿ ಎಮ್ಮಾ. ಹೊರಗಿನ ರೋಗಗಳಿಗೆ ತುತ್ತಾಗಿ ಜನ ಸಾಯುತ್ತಿದ್ದಾಗ, 1859ರಲ್ಲಿ ಹೊನಲುಲುವಿನಲ್ಲಿ ಈ ರಾಜದಂಪತಿ ಸ್ಥಾಪಿಸಿದ ಆಸ್ಪತ್ರೆ ಇಂದಿಗೂ ರಾಣಿಯ ಹೆಸರಿನಲ್ಲೇ ನಡೆಯುತ್ತಿದೆ. 1874ರಲ್ಲಿ ಸಿಂಹಾಸನಕ್ಕಾಗಿ ಶಾಸನಸಭೆಯಲ್ಲಿ ಚುನಾವಣೆ ನಡೆದಾಗ ಎಮ್ಮಾ ಕಲಾಕೌವನ ಎದುರು ಸ್ಪರ್ಧಿಸಿ 39-6 ಮತಗಳಿಂದ ಸೋತಳು. ಫಲಿತಾಂಶ ಪ್ರಕಟವಾದೊಡನೆ ಅವಳ ಬೆಂಬಲಿಗರಾದ ಹವಾಯಿಯ ಸಾಮಾನ್ಯ ಜನ ದಂಗೆಯೆದ್ದರು. ಅವಳ ತಾಯಿಯ ತಂದೆ ಇಂಗ್ಲಿಷಿನವನೆಂಬುದು ಅವರಿಗೆ ಅಡ್ಡಿಯಾಗಲಿಲ್ಲ. ಅವರ ಪಾಲಿಗೆ ಎಮ್ಮಾ ಸಂಪೂರ್ಣವಾಗಿ ಹವಾಯಿಯವಳೇ ಆಗಿದ್ದಳು.

ಅದೇ ರಾಜಮನೆತನದ ಕೊನೆಯ ಉತ್ತರಾಧಿಕಾರಿಣಿ ರಾಜಕುಮಾರಿ ಕೈಯುಲಾನಿಯ ತಂದೆ ಸ್ಕಾಟ್ಲೆಂಡ್ ಮೂಲದವನು. 1893ರ ಜನವರಿಯಲ್ಲಿ ಬಿಳಿಯ ಉದ್ಯಮಿಗಳ ಗುಂಪು ಅಮೆರಿಕದ ನೌಕಾಸೈನಿಕರ ಬೆಂಬಲದಿಂದ ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಿದಾಗ, ಹದಿನೇಳರ ಹರೆಯದ ಕೈಯುಲಾನಿ ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಕ್ಲೀವ್ಲೆಂಡ್ ಅವರನ್ನು ಕಂಡು ತನ್ನ ಜನರ ಪರವಾಗಿ ವಾದಿಸಿದಳು. ಫಲ ದೊರೆಯಲಿಲ್ಲ. 1898ರಲ್ಲಿ ಹವಾಯಿ ಅಮೆರಿಕದ ವಶವಾಯಿತು. ಮರುವರ್ಷವೇ, ಇಪ್ಪತ್ಮೂರರ ವಯಸ್ಸಿನಲ್ಲಿ ಕೈಯುಲಾನಿ ತೀರಿಕೊಂಡಳು.

ಹವಾಯಿಯ ಪರಂಪರೆಯಲ್ಲಿ ಒಬ್ಬ ವ್ಯಕ್ತಿ ಯಾರೆಂದು ನಿರ್ಧರಿಸುತ್ತಿದ್ದುದು ವಂಶಾವಳಿ. ತಲೆಮಾರುಗಳ ಹೆಸರನ್ನು ಬಾಯಿಪಾಠವಾಗಿ ಒಪ್ಪಿಸುವ ವಿದ್ಯೆ ಅಲ್ಲಿ ಪೂಜ್ಯವಾದದ್ದು. ಆ ಸರಣಿಯಲ್ಲಿ ನಿಮ್ಮ ಪೂರ್ವಜರು ಇದ್ದರೆ ನೀವು ಆ ಬಳಗಕ್ಕೆ ಸೇರಿದವರು. ಎಷ್ಟು ಪಾಲು ಎಂಬ ಲೆಕ್ಕವನ್ನು ಯಾರೂ ಕೇಳುತ್ತಿರಲಿಲ್ಲ.

ಕಬ್ಬಿನ ಗದ್ದೆಯ ಸಂಸಾರಗಳು

ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಹವಾಯಿಯ ಚಿತ್ರವೇ ಬದಲಾಯಿತು. ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾಗಿದ್ದರು. 1852ರಲ್ಲಿ ಚೀನೀಯರು, 1868ರಲ್ಲಿ ಜಪಾನೀಯರು, 1878ರಲ್ಲಿ ಪೋರ್ಚುಗೀಸರು, 1900ರಲ್ಲಿ ಪೋರ್ಟೊರಿಕೊದವರು, 1903ರಲ್ಲಿ ಕೊರಿಯನ್ನರು, 1906ರಲ್ಲಿ ಫಿಲಿಪೀನ್ಸಿನವರು ಹಡಗುಗಳಲ್ಲಿ ಬಂದಿಳಿದರು. ಒಬ್ಬರಿಗೊಬ್ಬರ ಭಾಷೆ ತಿಳಿಯದ ಜನ ಒಂದೇ ಗದ್ದೆಯಲ್ಲಿ ದುಡಿದರು. ಅವರ ಮಕ್ಕಳು ಒಂದೇ ಶಾಲೆಯಲ್ಲಿ ಓದಿದರು, ಕಾಲಕ್ರಮದಲ್ಲಿ ಪರಸ್ಪರ ಮದುವೆಯೂ ಆದರು. ‘ಹಾಪ’ ಪದಕ್ಕೂ ಹೊಸ ಸಂಗಾತಿಗಳು ಸಿಕ್ಕರು: ಚೀನೀ ಪಾಲಿದ್ದವರು ‘ಹಾಪ ಪಾಕೆ’, ಜಪಾನೀ ಪಾಲಿದ್ದವರು ‘ಹಾಪ ಕೆಪಾನಿ’.

ಅಮೆರಿಕದ ಹಲವು ರಾಜ್ಯಗಳಲ್ಲಿ ಜನಾಂಗಗಳ ನಡುವಿನ ವಿವಾಹ ಅಪರಾಧವಾಗಿದ್ದ ಕಾಲವದು. 1967ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ‘ಲವಿಂಗ್’ ಮೊಕದ್ದಮೆಯಲ್ಲಿ ತೀರ್ಪು ನೀಡುವವರೆಗೂ ಹದಿನಾರು ರಾಜ್ಯಗಳಲ್ಲಿ ಈ ನಿಷೇಧ ಜಾರಿಯಲ್ಲಿತ್ತು. ಹವಾಯಿಯಲ್ಲಿ ಅಂಥ ನಿಷೇಧ ಇರಲಿಲ್ಲ. 1961ರಲ್ಲಿ ಕೀನ್ಯಾದ ಯುವಕನೊಬ್ಬ ಕಾನ್ಸಸ್ ಮೂಲದ ಬಿಳಿಯ ಯುವತಿಯನ್ನು ಅಲ್ಲಿ ನಿರಾತಂಕವಾಗಿ ಮದುವೆಯಾಗಲು ಸಾಧ್ಯವಾಯಿತು. ಆ ವರ್ಷ ಹೊನಲುಲುವಿನಲ್ಲಿ ಹುಟ್ಟಿದ ಅವರ ಮಗ ಬರಾಕ್ ಒಬಾಮ ಮುಂದೆ ಅಮೆರಿಕದ ಅಧ್ಯಕ್ಷರಾದರು.

ಹಾಗೆಂದು ಹವಾಯಿಯನ್ನು ಭೂಲೋಕದ ಸ್ವರ್ಗವೆಂದು ಭಾವಿಸಬೇಕಾಗಿಲ್ಲ. ಅಮೆರಿಕದ ಕಾನೂನು ಅಲ್ಲಿಯೂ ಕೈಚಾಚಿತ್ತು. ಇದಕ್ಕೆ ಭಾರತೀಯನೊಬ್ಬನ ಸಂಸಾರವೇ ಸಾಕ್ಷಿ. ಸಿಂಧ್ ಪ್ರಾಂತದ ಗೋಬಿಂದರಾಮ್ ವಾಟುಮಲ್ 1917ರಲ್ಲಿ ಹೊನಲುಲುವಿಗೆ ಹೋಗಿ ಸೋದರನ ವ್ಯಾಪಾರವನ್ನು ಕಟ್ಟಿ ಬೆಳೆಸಿದವರು. 1922ರಲ್ಲಿ ಅವರು ಎಲೆನ್ ಜೆನ್ಸನ್ ಎಂಬ ಅಮೆರಿಕನ್ ಮಹಿಳೆಯನ್ನು ವಿವಾಹವಾದರು. ಮದುವೆಯೊಡನೆ ಎಲೆನ್ ತಮ್ಮ ಅಮೆರಿಕನ್ ಪೌರತ್ವವನ್ನೇ ಕಳೆದುಕೊಂಡರು! ಭಾರತೀಯರು ಪೌರತ್ವಕ್ಕೆ ಅನರ್ಹರೆಂದು 1923ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತ ಮೇಲೆ ಅದನ್ನು ಮರಳಿ ಪಡೆಯುವ ದಾರಿಯೂ ಮುಚ್ಚಿತು. 1931ರಲ್ಲಿ ಕಾನೂನು ತಿದ್ದುಪಡಿಯಾದ ನಂತರವಷ್ಟೇ ಅವರು ಮತ್ತೆ ತಮ್ಮ ದೇಶದ ಪ್ರಜೆಯಾದರು.

ರಕ್ತಕ್ಕೆ ಅಳತೆಗೋಲು

ಪದ ಎಲ್ಲವನ್ನೂ ಒಳಗೊಳ್ಳುತ್ತಿದ್ದಾಗ ಮೂಲನಿವಾಸಿಗಳ ಸಂಖ್ಯೆ ಕುಸಿಯುತ್ತಿತ್ತು. ಕುಕ್ ಬಂದ ಕಾಲದಲ್ಲಿ ಲಕ್ಷಗಳ ಲೆಕ್ಕದಲ್ಲಿದ್ದ ಜನ ಸಿಡುಬು, ದಡಾರಗಳಂಥ ಹೊರಗಿನ ರೋಗಗಳಿಗೆ ಬಲಿಯಾದರು. 1890ರ ಗಣತಿಯಲ್ಲಿ ಪೂರ್ಣ ಹವಾಯಿ ಮೂಲದವರು ಸುಮಾರು 34 ಸಾವಿರ, ಮಿಶ್ರ ಮೂಲದವರು ಸುಮಾರು 6 ಸಾವಿರ. ನಲವತ್ತು ವರ್ಷಗಳ ನಂತರ, 1930ರ ಗಣತಿಯಲ್ಲಿ, ಮಿಶ್ರ ಮೂಲದವರು 28 ಸಾವಿರ ದಾಟಿದ್ದರೆ ಪೂರ್ಣ ಮೂಲದವರು 22 ಸಾವಿರದ ಆಸುಪಾಸಿಗೆ ಇಳಿದಿದ್ದರು. ಹವಾಯಿಯ ಜನ ಉಳಿದುಕೊಂಡದ್ದೇ ಹಾಪಗಳ ಮೂಲಕ ಎಂದರೆ ಅತಿಶಯೋಕ್ತಿಯಲ್ಲ.

ನೆಲ ಕಳೆದುಕೊಂಡು ಪಟ್ಟಣದ ಕೊಳೆಗೇರಿಗಳನ್ನು ಸೇರುತ್ತಿದ್ದ ಮೂಲನಿವಾಸಿಗಳಿಗೆ ಜಮೀನು ಕೊಡಬೇಕೆಂದು ಅಮೆರಿಕದ ಸಂಸತ್ತು 1921ರಲ್ಲಿ ಕಾಯ್ದೆಯೊಂದನ್ನು ಮಾಡಿತು. ಸುಮಾರು ಎರಡು ಲಕ್ಷ ಎಕರೆ ಭೂಮಿಯನ್ನು ಇದಕ್ಕಾಗಿ ತೆಗೆದಿಡಲಾಯಿತು. ವರ್ಷಕ್ಕೆ ಒಂದು ಡಾಲರ್ ಬಾಡಿಗೆ, 99 ವರ್ಷಗಳ ಗುತ್ತಿಗೆ. ಉದಾರವಾದ ಯೋಜನೆಯೇ ಸರಿ. ಆದರೆ ಯಾರು ಮೂಲನಿವಾಸಿ? ಕಾಯ್ದೆ ಹೇಳಿತು: 1778ಕ್ಕೆ ಮುಂಚಿನ ನಿವಾಸಿಗಳ ರಕ್ತ ಕನಿಷ್ಠ ಅರ್ಧದಷ್ಟಾದರೂ ಇರುವವರು ಮಾತ್ರ.

ಈ ಮಸೂದೆಗಾಗಿ ಶ್ರಮಿಸಿದ ರಾಜಕುಮಾರ ಕೂಹಿಯೊ ಮೂವತ್ತೆರಡರಲ್ಲೊಂದು ಪಾಲು ಇದ್ದರೂ ಸಾಕು ಎಂದು ವಾದಿಸಿದ್ದರು. ಕಬ್ಬಿನ ತೋಟಗಳ ಮಾಲೀಕರ ಪ್ರಭಾವದ ಎದುರು ಆ ಮಾತು ನಡೆಯಲಿಲ್ಲ. ಹವಾಯಿಯ ನಾಲಿಗೆ ‘ಅರ್ಧ’ವನ್ನು ‘ಪಾಲು’ ಮಾಡಿಕೊಂಡಿತ್ತು. ಅಮೆರಿಕದ ಕಾನೂನು ‘ಪಾಲ’ನ್ನು ಮತ್ತೆ ‘ಅರ್ಧ’ ಮಾಡಿತು.

ಇದರ ಪರಿಣಾಮವನ್ನು ಸರಳ ಲೆಕ್ಕದಲ್ಲೇ ಕಾಣಬಹುದು. ಅರ್ಧ ಹವಾಯಿ ಮೂಲದ ತಂದೆಗೆ ಜಮೀನು ದೊರೆತಿದೆ ಎನ್ನಿ. ಆತ ಹೊರಗಿನವಳನ್ನು ಮದುವೆಯಾದರೆ ಮಕ್ಕಳದು ಕಾಲುಭಾಗ, ಮೊಮ್ಮಕ್ಕಳದು ಅರೆಕಾಲು. ಗುತ್ತಿಗೆಯ ಉತ್ತರಾಧಿಕಾರಕ್ಕೆ ಈ ಮಿತಿಯನ್ನು ನಂತರ ಕಾಲುಭಾಗಕ್ಕೆ ಇಳಿಸಲಾಯಿತಾದರೂ, ಮೊಮ್ಮಕ್ಕಳು ಅಜ್ಜನ ಮನೆಯಲ್ಲಿ ಉಳಿಯುವ ಹಕ್ಕನ್ನು ಕಳೆದುಕೊಳ್ಳುವ ಸ್ಥಿತಿ ತಪ್ಪಲಿಲ್ಲ. ಅದನ್ನು ಮೂವತ್ತೆರಡರಲ್ಲೊಂದಕ್ಕೆ ಇಳಿಸಲು ಹವಾಯಿ ಶಾಸನಸಭೆ 2017ರಲ್ಲಿ ಮಸೂದೆ ಅಂಗೀಕರಿಸಿತು. ಅದು ಜಾರಿಯಾಗಲು ಅಮೆರಿಕ ಸಂಸತ್ತಿನ ಸಮ್ಮತಿ ಬೇಕು. ಇನ್ನು ಹೊಸದಾಗಿ ಜಮೀನಿಗೆ ಅರ್ಜಿ ಹಾಕಿದವರ ಪಟ್ಟಿಯಲ್ಲಿ 2022ರ ವೇಳೆಗೆ 28 ಸಾವಿರಕ್ಕೂ ಹೆಚ್ಚು ಜನರಿದ್ದರು. ದಶಕಗಳ ಕಾಲ ಕಾದು, ಸರದಿ ಬರುವ ಮುನ್ನವೇ ಕಣ್ಣು ಮುಚ್ಚಿದವರೂ ಉಂಟು. ಈ ಅಳತೆಯ ರಾಜಕೀಯವನ್ನು ವಿದ್ವಾಂಸೆ ಕೆಹೌಲಾನಿ ಕೌವನುಯಿ 2008ರ ತಮ್ಮ ‘ಹವಾಯಿಯನ್ ಬ್ಲಡ್’ ಗ್ರಂಥದಲ್ಲಿ ವಿವರವಾಗಿ ಪರಿಶೀಲಿಸಿದ್ದಾರೆ.

ಮಿಶ್ರ ಮೂಲದವರನ್ನು ಕಾನೂನಿನ ಭಾಷೆಯಲ್ಲಿ ಹಿಡಿದಿಡುವ ಪ್ರಯತ್ನ ನಮ್ಮಲ್ಲೂ ನಡೆದಿದೆ. ಭಾರತ ಸಂವಿಧಾನದ 366ನೆಯ ವಿಧಿ ಆಂಗ್ಲೋ ಇಂಡಿಯನ್ ಯಾರು ಎಂಬುದನ್ನು ವಿವರಿಸುತ್ತದೆ. ಅಲ್ಲಿ ಅರ್ಧ, ಕಾಲುಗಳ ಲೆಕ್ಕವಿಲ್ಲ. ತಂದೆ ಅಥವಾ ತಂದೆಯ ಕಡೆಯ ಗಂಡು ಪೂರ್ವಜರಲ್ಲಿ ಒಬ್ಬ ಯೂರೋಪ್ ಮೂಲದವನಾಗಿದ್ದರೆ ಸಾಕು. ಆದರೆ ತಾಯಿಯ ಕಡೆಯ ಮೂಲ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 1882ರಲ್ಲಿ ಮೈಸೂರು ಅರಸರು ನೀಡಿದ ಭೂಮಿಯಲ್ಲಿ ಇದೇ ಸಮುದಾಯಕ್ಕಾಗಿ ಹುಟ್ಟಿದ ಊರು ಬೆಂಗಳೂರಿನ ವೈಟ್‌ಫೀಲ್ಡ್. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಆ ಸಮುದಾಯಕ್ಕಿದ್ದ ನಾಮಕರಣದ ಸ್ಥಾನಗಳು 2020ರ ಜನವರಿಯಲ್ಲಿ ಕೊನೆಗೊಂಡವು. ಅಳೆಯುವ ಕೋಲು ಬೇರೆಯಾದರೂ, ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ನಿರ್ಧರಿಸಿದವರು ಎರಡು ಕಡೆಯೂ ಕಾನೂನು ಬರೆದವರೇ.

ಸಾಗರ ದಾಟಿದ ಪದ

ಇಪ್ಪತ್ತನೆಯ ಶತಮಾನದ ಕೊನೆಯ ವೇಳೆಗೆ ‘ಹಾಪ’ ಹವಾಯಿಯಿಂದ ಹೊರಟು ಅಮೆರಿಕದ ಮುಖ್ಯ ಭೂಭಾಗವನ್ನು ಸೇರಿತು. ಅಲ್ಲಿ ಏಷ್ಯನ್ ಮತ್ತು ಬಿಳಿಯ ಪೋಷಕರ ಮಕ್ಕಳು ತಮಗೊಂದು ಹೆಸರಿಲ್ಲದೆ ಪರದಾಡುತ್ತಿದ್ದರು. ಶಾಲೆಯ ಅರ್ಜಿಯಿಂದ ಹಿಡಿದು ಜನಗಣತಿಯ ನಮೂನೆಯವರೆಗೆ ಎಲ್ಲೆಡೆಯೂ ಒಂದೇ ಚೌಕದಲ್ಲಿ ಗುರುತು ಹಾಕಬೇಕಿತ್ತು. ಅಂದರೆ ತಂದೆ ತಾಯಿಯರಲ್ಲಿ ಒಬ್ಬರನ್ನು ಬಿಟ್ಟುಕೊಡಬೇಕಿತ್ತು. 1992ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ‘ಹಾಪ ಇಷ್ಯೂಸ್ ಫೋರಮ್’ ಎಂಬ ಸಂಘಟನೆಯನ್ನು ಕಟ್ಟಿದರು. ಅನೇಕ ಸಂಘಟನೆಗಳ ಒತ್ತಾಯದ ಫಲವಾಗಿ 2000ದ ಜನಗಣತಿಯಲ್ಲಿ ಮೊದಲ ಬಾರಿಗೆ ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ಗುರುತಿಸುವ ಅವಕಾಶ ದೊರೆಯಿತು.

ಆ ವರ್ಷ ಅಮೆರಿಕದಾದ್ಯಂತ ಹಾಗೆ ಗುರುತಿಸಿಕೊಂಡವರು ಶೇ. 2.4 ಮಾತ್ರ, ಹವಾಯಿಯಲ್ಲಾದರೋ ಶೇ. 21ಕ್ಕೂ ಹೆಚ್ಚು. 2020ರ ಗಣತಿಯಲ್ಲಿ ದೇಶದ ಪ್ರಮಾಣ ಶೇ. 10.2ಕ್ಕೆ, ಅಂದರೆ 3 ಕೋಟಿ 38 ಲಕ್ಷ ಜನರಿಗೆ ಏರಿತು. ಉತ್ತರಗಳನ್ನು ವರ್ಗೀಕರಿಸುವ ವಿಧಾನ ಬದಲಾದದ್ದೂ ಈ ಜಿಗಿತಕ್ಕೆ ಒಂದು ಕಾರಣ. ಹವಾಯಿಯಲ್ಲಿ ಪ್ರತಿ ನಾಲ್ವರಲ್ಲಿ ಒಬ್ಬರು ಈ ವರ್ಗಕ್ಕೆ ಸೇರಿದ್ದಾರೆ.

ಪದಕ್ಕೆ ವ್ಯಾಪಕ ಪ್ರಚಾರ ತಂದವರು ಕಲಾವಿದ ಕಿಪ್ ಫುಲ್ಬೆಕ್. ಚೀನೀ ತಾಯಿ, ಬಿಳಿಯ ತಂದೆಯ ಮಗನಾದ ಅವರು 2001ರಲ್ಲಿ ‘ಹಾಪ ಯೋಜನೆ’ಯನ್ನು ಆರಂಭಿಸಿದರು. ದೇಶವನ್ನೆಲ್ಲ ಸುತ್ತಿ, ಸಾವಿರಕ್ಕೂ ಹೆಚ್ಚು ಮಿಶ್ರ ಮೂಲದವರ ಭಾವಚಿತ್ರಗಳನ್ನು ತೆಗೆದರು. ಅಲಂಕಾರವಿಲ್ಲ, ಆಭರಣವಿಲ್ಲ. ‘ನೀನು ಯಾರು?’ ಎಂದು ಜೀವನವಿಡೀ ಪರರಿಂದ ಕೇಳಿಸಿಕೊಂಡ ಪ್ರಶ್ನೆಗೆ ಅವರು ತಮ್ಮ ಕೈಬರಹದಲ್ಲೇ ಉತ್ತರ ಬರೆದರು. 2006ರಲ್ಲಿ ಪ್ರಕಟವಾದ ಪುಸ್ತಕದ ಶೀರ್ಷಿಕೆಯೇ ‘ಪಾರ್ಟ್ ಏಷ್ಯನ್, 100% ಹಾಪ’. ಹಾಪ ಎಂಬುದು ಅಪೂರ್ಣತೆಯಲ್ಲ, ತನ್ನಷ್ಟಕ್ಕೆ ತಾನೇ ಪೂರ್ಣ ಎಂಬುದು ಅದರ ಸಾರ.

ಇದೇ ಇಂಗ್ಲಿಷ್ ‘ಹಾಫ್’ ಜಪಾನಿಗೆ ಹೋಗಿ ‘ಹಾಫು’ ಆಗಿದೆ ಎಂಬುದು ಕುತೂಹಲದ ಸಂಗತಿ. ಅಲ್ಲಿ ಅದು ಅರ್ಧ ಎಂಬ ಅರ್ಥವನ್ನು ಕಳಚಿಕೊಂಡಿಲ್ಲ. ಭಾರತೀಯ ತಂದೆಯ ಮಗಳಾದ ಪ್ರಿಯಾಂಕಾ ಯೋಶಿಕಾವಾ 2016ರಲ್ಲಿ ‘ಮಿಸ್ ವರ್ಲ್ಡ್ ಜಪಾನ್’ ಆಗಿ ಆಯ್ಕೆಯಾದಾಗ, ಆಕೆ ‘ಅಪ್ಪಟ’ ಜಪಾನೀಯಳಲ್ಲ ಎಂಬ ಟೀಕೆಗಳು ಕೇಳಿಬಂದವು. ಒಂದೇ ಬೀಜ, ಬೇರೆ ಬೇರೆ ಮಣ್ಣು.

ಕೊಟ್ಟವರೇ ಹೊರಗೆ?

ಹೆಸರಿಲ್ಲದವರಿಗೆ ಹೆಸರು ದೊರೆತದ್ದು ಒಳ್ಳೆಯದೇ. ಆದರೆ ಮುಖ್ಯ ಭೂಭಾಗದಲ್ಲಿ ‘ಹಾಪ’ ಎಂದರೆ ‘ಭಾಗಶಃ ಏಷ್ಯನ್’ ಎಂಬ ಅರ್ಥ ರೂಢಿಗೆ ಬಂದಾಗ ಹವಾಯಿಯ ಪಾಲು ಅದರಿಂದ ಜಾರಿಹೋಯಿತು. ಬುನಾದಿಯಾಗಿದ್ದ ಹವಾಯಿತನವೇ ಇಲ್ಲದೆ ಪದ ಮಾತ್ರ ಉಳಿಯಿತು. ‘ನೆಲ ಹೋಯಿತು, ರಾಜ್ಯ ಹೋಯಿತು, ಈಗ ಮಾತೂ ಹೋಗಬೇಕೇ?’ ಎಂಬುದು ಮೂಲನಿವಾಸಿಗಳ ಆಕ್ಷೇಪದ ತಿರುಳು.

ಈ ನೋವಿಗೆ ಹಿನ್ನೆಲೆಯಿದೆ. 1896ರ ಕಾನೂನು ಇಂಗ್ಲಿಷನ್ನು ಶಾಲೆಗಳ ಬೋಧನಾ ಮಾಧ್ಯಮವನ್ನಾಗಿಸಿದ ಮೇಲೆ ಹವಾಯಿ ಭಾಷೆ ತರಗತಿಯಿಂದ ಹೊರಬಿತ್ತು. ಕ್ರಮೇಣ ಮನೆಗಳಿಂದಲೂ ಮರೆಯಾಗತೊಡಗಿತು. 1978ರಲ್ಲಷ್ಟೇ ಅದಕ್ಕೆ ರಾಜ್ಯದ ಅಧಿಕೃತ ಭಾಷೆಯ ಸ್ಥಾನ ದೊರೆಯಿತು. 1984ರಲ್ಲಿ ಆರಂಭವಾದ ‘ಪೂನಾನ ಲಿಯೊ’ ಶಿಶುವಿಹಾರಗಳು, ಹವಾಯಿ ಭಾಷೆಯಲ್ಲೇ ಮಕ್ಕಳನ್ನು ಬೆಳೆಸುತ್ತಾ ಅದನ್ನು ಅಳಿವಿನ ಅಂಚಿನಿಂದ ಹಿಂದಕ್ಕೆ ತಂದವು. ಮಾತೃಭಾಷಾ ಮಾಧ್ಯಮದ ಚರ್ಚೆಯನ್ನು ದಶಕಗಳಿಂದ ಕೇಳುತ್ತಿರುವ ಕನ್ನಡಿಗರಿಗೆ, ತಮ್ಮ ಒಂದೊಂದು ಪದವನ್ನೂ ಎದೆಗವಚಿಕೊಳ್ಳುವ ಆ ಜನರ ತವಕ ಅಪರಿಚಿತವೆನಿಸದು.

ಆಕ್ಷೇಪಕ್ಕೆ ಕಿವಿಗೊಟ್ಟವರೂ ಇದ್ದಾರೆ. ಹಿಂದೆ ಈ ಪದದ ಪರವಾಗಿದ್ದ ಪ್ರಾಧ್ಯಾಪಕಿ ವೇ ಮಿಂಗ್ ದಾರಿಯೋಟಿಸ್, ತಾವಿನ್ನು ಅದನ್ನು ತಮ್ಮ ಗುರುತಾಗಿ ಬಳಸುವುದಿಲ್ಲವೆಂದು ಲೇಖನವೊಂದರಲ್ಲಿ ಕಾರಣಸಹಿತ ವಿವರಿಸಿದರು. ಇನ್ನು ಕೆಲವರ ವಾದ ಬೇರೆ: ಪದವೇ ಇಂಗ್ಲಿಷಿನಿಂದ ಎರವಲು ಬಂದದ್ದು, ಹವಾಯಿಯಲ್ಲೂ ದೈನಂದಿನ ಮಾತಿನಲ್ಲಿ ಅದು ಎಲ್ಲ ಬಗೆಯ ಮಿಶ್ರ ಮೂಲದವರಿಗೆ ಅನ್ವಯಿಸುತ್ತದೆ, ಭಾಷೆಗೆ ಬೇಲಿ ಹಾಕಲಾಗದು. ಎರಡು ವಾದಗಳಲ್ಲೂ ಹುರುಳಿದೆ. ಆದರೆ ಎರವಲು ತಂದ ಮಾತ್ರಕ್ಕೆ ಪದ ಪರರದ್ದಾಗಿಯೇ ಉಳಿಯುವುದಿಲ್ಲ. ‘ಬಸ್ಸು’ ಕನ್ನಡದ್ದಲ್ಲವೆಂದು ಇಂದು ಯಾರಾದರೂ ಹೇಳಿಯಾರೇ? ಹಾಗೆಯೇ ಅರ್ಧವನ್ನು ಪಾಲಾಗಿಸಿ, ನಾಣ್ಯದ ಮೇಲೆ ಅಚ್ಚೊತ್ತಿ, ಮನೆಯ ಮಕ್ಕಳಿಗೆ ಇಟ್ಟ ಹೆಸರಾಗಿಸಿದವರು ಹವಾಯಿಯವರು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲೂ ಇಂದು ಬೇರೆ ಜನಾಂಗದ ಸೊಸೆ, ಅಳಿಯಂದಿರಿದ್ದಾರೆ. ಮುಖ್ಯ ಭೂಭಾಗದ ರೂಢಿಯಂತೆ ಆ ಮನೆಗಳ ಮೊಮ್ಮಕ್ಕಳೂ ‘ಹಾಪ’ಗಳೇ. ಅವರಲ್ಲಿ ಯಾರಾದರೂ ಆ ಪದವನ್ನು ತಮ್ಮದಾಗಿಸಿಕೊಳ್ಳುವ ಮುನ್ನ ಅದು ಯಾರ ಮನೆಯಿಂದ ಬಂದದ್ದೆಂದು ತಿಳಿದಿರುವುದು ಮೇಲು. ಮಗು ಎಷ್ಟು ಕನ್ನಡ, ಎಷ್ಟು ಅಮೆರಿಕ ಎಂಬ ಕುತೂಹಲ ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ಸಹಜ. ಎಷ್ಟು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ ಕಾನೂನೊಂದು ಮೊಮ್ಮಕ್ಕಳಿಗೆ ಅಜ್ಜನ ಮನೆಯ ಬಾಗಿಲನ್ನೇ ಮುಚ್ಚಿತು. ಹವಾಯಿಯ ಹಳಬರು ಆ ಪ್ರಶ್ನೆಯನ್ನು ಕೇಳಲೇ ಇಲ್ಲ. ವಂಶಾವಳಿಯಲ್ಲಿ ಹೆಸರಿದೆಯೇ ಎಂದಷ್ಟೇ ನೋಡಿದರು, ಇದ್ದರೆ ಒಳಗೆ ಕರೆದರು.